ಬೆನ್ನು ತಿರುಗಿಸಿ ಕುಳಿತವಳು

ಹೊಸದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಪಂಚಾಕ್ಷರಪ್ಪನವರ ಹೆಂಡತಿ ಶಿವಗಂಗಮ್ಮ ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯನ್ನೆಲ್ಲ ಮಂಚದ ಮೇಲೆ ಮಲಗಿಯೇ ಕಳೆದಳು. ಕಾಯಿಲೆಯೇನೂ ಇರಲಿಲ್ಲ. ಅದಕ್ಕೆ ಮುಂಚೆ ಎರಡು ಸಲ ಬಸಿರಾಗಿ, ಎರಡು ಸಲವೂ ನಿಲ್ಲದೆ ಹೋಗಿತ್ತು. ಎರಡನೆಯದು ಹೋದದ್ದು ಹಿರಿಯೂರಿನಲ್ಲಿ ನೆಂಟರ ಮದುವೆ ಮುಗಿಸಿ, ಎಲ್ಲರ ಜೊತೆ ಮಾರಿಕಣಿವೆ ಅಣೆಕಟ್ಟೆ ನೋಡಿಕೊಂಡು, ಬಸ್ಸಿನಲ್ಲಿ ವಾಪಸು ಬರುವಾಗ. ಹಾಗಾಗಿ ಈ ಸಲ ಮೂರು ತಿಂಗಳು ತುಂಬುತ್ತಲೇ ಚಿತ್ರದುರ್ಗದ ಲೇಡಿ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು.

"ಹೆರಿಗೆ ಆಗೋ ತನಕ ಮಲಗೇ ಇರಬೇಕಮ್ಮ. ಬಗ್ಗೋದು, ಎತ್ತೋದು, ಬಸ್ ಹತ್ತೋದು ಏನೂ ಕೂಡದು. ತೌರಿಗೆ ಹೋಗೋ ಆಸೆನೂ ಬಿಟ್ಟುಬಿಡು."

ತೌರು ಹೊಳಲ್ಕೆರೆ. ಮಗಳು ಹೋಗುವ ಹಾಗಿಲ್ಲವೆಂದು ತಾಯಿ ಮಹಾದೇವಮ್ಮನೇ ಬಂದು ಕೆಲವು ದಿನ ಇದ್ದು ನೋಡಿಕೊಂಡಳು. ಆದರೆ ಆಕೆಗೂ ಮಂಡಿನೋವು. ಕುಳಿತರೆ ಏಳಲಾರಳು, ಎದ್ದರೆ ಕೂರಲಾರಳು. ಕೊನೆಗೆ ಅಳಿಯನೇ, "ನೀವು ಹೋಗಿ ಸುಧಾರಿಸ್ಕಳ್ರಿ, ನಾನು ನೋಡ್ಕಂತೀನಿ" ಎಂದು ಬಸ್ಸು ಹತ್ತಿಸಿ ಬಂದರು. ಅವತ್ತಿನಿಂದ ಒಲೆಯ ಮುಂದೆ ಪಂಚಾಕ್ಷರಪ್ಪನವರೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಮುದ್ದೆಗೆ ಎಸರಿಡುತ್ತಿದ್ದರು. ಗಂಡಸು ಹೀಗೆ ಅಡಿಗೆ ಮಾಡುವುದನ್ನು ಬೀದಿಯವರು ಕಿಟಕಿಯಿಂದ ಬಗ್ಗಿ ನೋಡಿ ಹೋಗುವರು. ಮಿಕ್ಕ ಕೆಲಸಕ್ಕೆಲ್ಲ ಹುಚ್ಚಕ್ಕ ಬರುತ್ತಿದ್ದಳು. ಅವಳು ಮತ್ತೋಡು ಕಡೆಯ ಗೊಲ್ಲರಹಟ್ಟಿಯವಳು, ಮಗಳ ಮನೆಗೆಂದು ಹೊಸದುರ್ಗಕ್ಕೆ ಬಂದು ಅಲ್ಲೇ ನಿಂತವಳು. ಕಸ, ಮುಸುರೆ, ಬಟ್ಟೆ ಎಲ್ಲ ಮುಗಿಸಿ, ಮೇಷ್ಟ್ರು ಶಾಲೆಯಿಂದ ಬರುವ ತನಕ ಶಿವಗಂಗಮ್ಮನ ಕಾಲ ಬಳಿ ಕೂತು ಎಲೆ ಅಡಿಕೆ ಜಗಿಯುವಳು.

ಮಲಗಿದವಳಿಗೆ ಕಾಣುತ್ತಿದ್ದದ್ದು ಎದುರಿಗೊಂದು ಗೋಡೆ, ಪಕ್ಕಕ್ಕೊಂದು ಕಿಟಕಿ. ಕಿಟಕಿಯಾಚೆ ಪಕ್ಕದವರ ತೆಂಗಿನ ತೋಟ. ಹೊಸದುರ್ಗದ ಗಾಳಿ ಹಗಲೆಲ್ಲ ಆ ಗರಿಗಳನ್ನು ತೂಗುತ್ತಿತ್ತು, ನೆರಳು ಗೋಡೆಯ ಮೇಲೆ ಹೊಳೆಯ ನೀರಿನ ಹಾಗೆ ಹರಿದಾಡುತ್ತಿತ್ತು. ಒಂದು ದಿನ ಅವಳು ಗಂಡನಿಗೆ ಹೇಳಿದಳು:

"ಆ ಬೋಳು ಗೋಡೆ ನೋಡಿ ನೋಡಿ ನನಗೆ ತಲೆ ಕೆಡ್ತೈತ್ರೀ. ಒಂದು ಕ್ಯಾಲೆಂಡರ್ ಆದ್ರೂ ಹಾಕ್ರಿ."

ಪಂಚಾಕ್ಷರಪ್ಪನವರು ಗೋಡೆಯನ್ನೊಮ್ಮೆ ನೋಡಿದರು. ಅವರದು ಮಾತು ಕಡಿಮೆ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಅವರ ಬಗ್ಗೆ ಶಿವಗಂಗಮ್ಮನಿಗೆ ಗೊತ್ತಿದ್ದದ್ದು ಇಷ್ಟೇ: ಹುಟ್ಟಿದೂರು ತುರುವನೂರು, ತಂದೆ ತಾಯಿ ಇಲ್ಲ, ಮಠದ ಹಾಸ್ಟೆಲಿನಲ್ಲಿ ಬೆಳೆದರು, ಮೈಸೂರಿನಲ್ಲಿ ಚಿತ್ರ ಕಲಿತರು. ಕೇಳುವ ಹಿರಿಯರು ಇರಲಿಲ್ಲವಾಗಿ ನಲವತ್ತರ ಹತ್ತಿರ ಮದುವೆಯಾದರು. ಊರಿನ ಮಾತೆತ್ತಿದರೆ "ಅಲ್ಲೇನೈತೆ, ಯಾರೂ ಇಲ್ಲ" ಎಂದು ಎದ್ದು ಹೋಗುವರು. ಚಿತ್ರವನ್ನೂ ಮನೆಯಲ್ಲಿ ಬರೆದದ್ದಿಲ್ಲ. ಶಾಲೆಯ ಕರಿಹಲಗೆಯ ಮೇಲೆ ಹೂಜಿ, ಮಾವಿನಕಾಯಿ, ಭಾರತದ ನಕ್ಷೆ ಬರೆದಲ್ಲಿಗೆ ಅವರ ಚಿತ್ರಕಲೆ ಮುಗಿಯುತ್ತಿತ್ತು.

ಆ ಸಂಜೆ ಅವರು ಅಟ್ಟದಿಂದ ತಗಡಿನ ಟ್ರಂಕು ಇಳಿಸಿ, ಅದರ ತಳದಿಂದ ಒಂದು ದೊಡ್ಡ ಹಾಳೆ ತೆಗೆದರು. ಯಾವುದೋ ಭಾರೀ ಪುಸ್ತಕದಿಂದ ಬಿಚ್ಚಿಬಂದ ಹಾಳೆ. ಹುಡುಗರಾಗಿದ್ದಾಗ ದುರ್ಗದ ಸಂತೇಪೇಟೆಯಲ್ಲಿ ಹಳೇ ಪೇಪರಿನವನ ರಾಶಿಯಲ್ಲಿ ಸಿಕ್ಕಿದ್ದಂತೆ. ನಾಲ್ಕು ಮೂಲೆಗೂ ಸಣ್ಣ ಮೊಳೆ ಹೊಡೆದು ಅದನ್ನು ಅವಳ ಎದುರಿನ ಗೋಡೆಗೆ ಹಾಕಿದರು.

ಹೆಂಗಸೊಬ್ಬಳ ಚಿತ್ರ. ಕಂದು ಬಣ್ಣದ ಕಾಗದದ ಮೇಲೆ ಕೆಂಪು, ಕಪ್ಪು, ಬಿಳಿ ಸೀಮೆಸುಣ್ಣದಲ್ಲಿ ಬರೆದದ್ದರ ಅಚ್ಚು. ಆಕೆ ನೋಡುವವರಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದಾಳೆ. ಒಂದು ಕೈ ನೆಲಕ್ಕೂರಿದೆ. ಕೂದಲನ್ನೆಲ್ಲ ಮೇಲಕ್ಕೆ ಎತ್ತಿ ಕಟ್ಟಿದ್ದರಿಂದ ಕುತ್ತಿಗೆಯ ಹಿಂಭಾಗ ತೆರೆದುಕೊಂಡಿದೆ. ಕಿವಿಯ ಅಂಚು, ಕೆನ್ನೆಯ ಒಂದು ಚೂರು ಕಾಣುತ್ತದೆ, ಮುಖ ಕಾಣುವುದಿಲ್ಲ. ಲಂಗದ ನೆರಿಗೆಗಳು ಸುತ್ತಲೂ ಹರಡಿಕೊಂಡಿವೆ. ಹಾಳೆಯ ಮೂಲೆಯಲ್ಲಿ, ನೆಲಕ್ಕೂರಿದ ಅದೇ ಕೈಯನ್ನು ಇನ್ನೊಂದು ಸಲ, ಸ್ವಲ್ಪ ದೊಡ್ಡದಾಗಿ ಬರೆದಿದೆ. ಕುತ್ತಿಗೆಯ ಮೇಲಿನ ಕೆಂಪು ಎಷ್ಟು ಹಗುರವಾಗಿತ್ತೆಂದರೆ, ಮುಟ್ಟಿದರೆ ಬೆಚ್ಚಗಿದ್ದೀತು ಅನ್ನಿಸುತ್ತಿತ್ತು.

ಮರುದಿನ ಹುಚ್ಚಕ್ಕ ಕಸಬರಿಗೆ ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು.

"ಅಯ್ಯ ಶಿವನೆ! ಬಸುರಿ ಹೆಂಗ್ಸಿನ ಎದುರಿಗೆ ಮುಖ ಇಲ್ಲದ ಚಿತ್ರ ಯಾಕ್ ಹಾಕೀರಿ ಮೇಷ್ಟ್ರೇ? ಕೂಸಿನ ಮುಖ ಹೆಂಗಾತದೋ ಏನೋ."

"ಮುಖ ಐತೆ ಹುಚ್ಚಕ್ಕ. ಆ ಕಡೆ ಐತೆ," ಎಂದರು ಮೇಷ್ಟ್ರು. ಶಿವಗಂಗಮ್ಮ ಬಹಳ ದಿನಗಳ ಮೇಲೆ ನಕ್ಕಳು.

ಅವತ್ತಿನಿಂದ ಅವಳ ಹಗಲುಗಳು ಬೇರೆಯಾದವು. ಊಟವಾಗಿ, ಬೀದಿ ನಿಶ್ಶಬ್ದವಾಗಿ, ತೆಂಗಿನ ಗರಿಯ ನೆರಳು ಚಿತ್ರದ ಮೇಲೆ ಹಾಯುವ ಹೊತ್ತಿಗೆ ಅವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರು ಬರುವುದು. ಗಾಳಿ ಬೀಸಿದರೆ ಕುಳಿತವಳ ಲಂಗದ ನೆರಿಗೆ ಅಲುಗಿದ ಹಾಗೆ. ಕಾಗದದ ಕಂದು ಬಣ್ಣ ಮೆಲ್ಲಗೆ ಹಿಗ್ಗಿ, ಹೊಳಲ್ಕೆರೆಯ ಕೆರೆ ಏರಿಯ ಮೇಲಿನ ಸಂಜೆಯಾಗುವುದು. ಏರಿಯ ಮೇಲೆ ಆ ಹೆಂಗಸು ಕುಳಿತಿರುವಳು. ಶಿವಗಂಗಮ್ಮ ಬರಿಗಾಲಿನಲ್ಲಿ, ಮೈ ಭಾರವೇ ಇಲ್ಲದ ಹಾಗೆ ಅವಳ ಕಡೆ ನಡೆಯುವಳು. ಹತ್ತಿರ ಬಂದಳು ಎನ್ನುವಾಗ ಏರಿ ಇನ್ನಷ್ಟು ಉದ್ದವಾಗುವುದು. "ಯಾರವ್ವಾ ನೀನು?" ಎಂದು ಕೇಳಿದರೆ ಕೆರೆಯ ನೀರು ಮಾತ್ರ ಸಣ್ಣಗೆ ದಡಕ್ಕೆ ಬಡಿಯುವುದು. ಕಣ್ಣು ಬಿಟ್ಟಾಗ ಹುಚ್ಚಕ್ಕ ಕಾಲ ಬಳಿ ತೂಕಡಿಸುತ್ತಿರುವಳು, ಹೊರಗೆ ಯಾರೋ ತೆಂಗಿನ ಸಿಪ್ಪೆ ಸುಲಿಯುತ್ತಿರುವರು.

ಒಂದು ಸಂಜೆ ಅವಳು ಗಂಡನನ್ನು ಕೇಳಿದಳು.

"ಇದನ್ನ ಬರೆದೋನು ಯಾರು?"

"ಫ್ರಾನ್ಸಿನೋನು. ಇನ್ನೂರೈವತ್ತು ವರ್ಷದ ಹಿಂದಿನೋನು. ಎಟಿಯನ್ನೆ ಲಾವಲ್ ಅಂತ ಹೆಸರು. ಹಿಂದ್ಗಡೆ ಎಲ್ಲ ಬರೆದೈತೆ."

"ಏನಂತ ಬರೆದೈತೆ?"

ಹಾಳೆಯ ಹಿಂಬದಿಯಲ್ಲಿ ತುಂಬ ಸಣ್ಣ ಅಕ್ಷರಗಳಲ್ಲಿ ಪುಟದ ತುಂಬ ಬರೆದಿದ್ದದ್ದು ನಿಜ. ಆದರೆ ಅದು ಫ್ರೆಂಚು. ಹೆಸರು, ಇಸವಿ ಬಿಟ್ಟರೆ ಮೇಷ್ಟ್ರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರು ಮೊಳೆ ಸಡಿಲಿಸಿ ಹಾಳೆಯನ್ನು ಕೆಳಗಿಳಿಸಿ, ಹಿಂದುಮುಂದು ಮಾಡಿ ನೋಡಿದರು. ಹೆಂಡತಿಯ ಕಡೆ ನೋಡಿದರು. ಅವಳು ಎರಡು ದಿಂಬಿಗೆ ತಲೆ ಕೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು, ಕಥೆಗೆ ಕಾದ ಮಗುವಿನ ಹಾಗೆ ಕಾಯುತ್ತಿದ್ದಳು. ಹೊರಗೆ ಹೋಗಲಾರದ, ಯಾರನ್ನೂ ನೋಡಲಾರದ ಹೆಂಗಸು. ನನಗೆ ಓದಲು ಬರುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಶುರು ಮಾಡಿದರು.

"ಇವನದು ಒಂದು ಸಣ್ಣ ಊರಂತೆ. ಸುತ್ತ ಬಯಲು. ಮಳೆ ಬಂದ್ರೆ ಮಣ್ಣು ಕಾಲಿಗೆ ಮೆತ್ಕಂಡು ಬರ್ತಿತ್ತಂತೆ. ಮರ ಅಂದ್ರೆ ಊರಾಚೆ ಈಚಲ ಮರ..."

"ಫ್ರಾನ್ಸಿನಾಗೂ ಈಚಲ ಮರ ಅದಾವೇನ್ರಿ?"

ಮೇಷ್ಟ್ರು ತಡವರಿಸಿದರು. "ಈಚಲದಂಥವು," ಎಂದರು.

ಶಿವಗಂಗಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು. ಫ್ರೆಂಚು ಎಂಬ ಭಾಷೆ ಬೇರೆ, ಅದು ಹೊಸದುರ್ಗದ ಮೇಷ್ಟ್ರಿಗೆ ಬರುವುದಿಲ್ಲ ಎಂಬುದು ಅವಳಿಗೆ ಆ ಕ್ಷಣವೇ ಹೊಳೆಯಿತು. ಆದರೆ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದ ರೀತಿ ನೋಡಿ ಅವಳಿಗೆ ಏನೋ ಅಕ್ಕರೆ ಬಂತು. "ಹೂಂ, ಮುಂದೆ?" ಎಂದಳು.

ಮುಂದೆ ಅದು ದಿನದ ರೂಢಿಯಾಯಿತು. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಅವಳಿಗೆ ಹಾಲು ಕಾಸಿ ಕೊಟ್ಟು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುವರು. ಕೆಲವು ದಿನ ಹಾಳೆ ಕೆಳಗಿಳಿಸಿ ಓದಿದ ಹಾಗೆ ಮಾಡಿದರು. ಆಮೇಲೆ ಅದನ್ನು ಗೋಡೆಯ ಮೇಲೇ ಬಿಟ್ಟು, ಕಿಟಕಿಯ ಕಡೆ ನೋಡುತ್ತಾ ಹೇಳತೊಡಗಿದರು. ನಾಲ್ಕು ವರ್ಷ ಆಡದ ಮಾತೆಲ್ಲ ಎಲ್ಲಿತ್ತೋ ಬಂತು.

ಚಿತ್ರಗಾರನ ಅಪ್ಪ ಒಳ್ಳೆಯ ರೈತನಂತೆ. ಒಂದು ದಿನ ಊರಿನ ಗಂಡಸರೆಲ್ಲ ಕೊಡಲಿ ಹಿಡಿದು, ಹಾಡು ಹೇಳಿಕೊಂಡು, ದೊರೆಯ ಮರಗಳನ್ನು ಕಡಿಯಲು ಹೋದರಂತೆ. ದೊರೆ ಎಲ್ಲರನ್ನೂ ಜೈಲಿಗೆ ಹಾಕಿದ. ಅಪ್ಪ ವಾಪಸು ಬಂದಾಗ ಕೆಮ್ಮು ಜೊತೆಗೇ ಬಂತು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂರುವನು. ಆ ಕೆಮ್ಮು ಕೇಳಿಯೇ ಮಕ್ಕಳು ರಾತ್ರಿ ಎಷ್ಟಾಯಿತೆಂದು ತಿಳಿಯುತ್ತಿದ್ದರು. ಎರಡು ಮಳೆಗಾಲ ಕಳೆಯುವುದರಲ್ಲಿ ಹೋಗಿಬಿಟ್ಟ. ಅಮ್ಮ ಕಂಡವರ ಮನೆಯಲ್ಲಿ ರಾಗಿ ಬೀಸಿ ಸಾಕಿದಳು. ಬೀಸುವಾಗ ಚಿಕ್ಕ ಮಗಳನ್ನು ಬೆನ್ನಿಗೆ ಒರಗಿಸಿ ಕೂರಿಸಿಕೊಳ್ಳುವಳು. ಕಲ್ಲು ತಿರುಗಿದಂತೆಲ್ಲ ಆ ಹುಡುಗಿ ತೊಟ್ಟಿಲಲ್ಲಿದ್ದಂತೆ ತೂಗುತ್ತಾ ನಿದ್ದೆ ಹೋಗುವಳು.

ಸ್ವಾತಂತ್ರ್ಯ ಚಳವಳಿಯಲ್ಲಿ ಹೆಂಡದ ಈಚಲ ಮರ ಕಡಿದು ಜೈಲಿಗೆ ಹೋದವರ ಊರೆಂದು ತುರುವನೂರಿನ ಹೆಸರನ್ನು ಶಿವಗಂಗಮ್ಮ ಚಿಕ್ಕಂದಿನಿಂದ ಕೇಳಿದ್ದಳು. ಗಂಡ ಹೇಳುತ್ತಿರುವುದು ಯಾವ ಫ್ರಾನ್ಸಿನವನ ಕಥೆಯೂ ಅಲ್ಲ, ತಮ್ಮದೇ ಎಂದು ಈಗ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಅವರಿಗೆ ಅದು ಗೊತ್ತಿದೆಯೋ ಇಲ್ಲವೋ, ಅದು ಮಾತ್ರ ತಿಳಿಯಲಿಲ್ಲ. 'ನಾನು' ಎಂದು ಹೇಳಲಾಗದ್ದನ್ನು 'ಅವನು' ಎಂದು ಹೇಳುತ್ತಿದ್ದರು. ತಾನು ಬಾಯಿ ಬಿಟ್ಟರೆ ಎಲ್ಲಿ ನಿಂತುಹೋಗುವುದೋ ಎಂದು ಅವಳು ಹೂಂಗುಟ್ಟುವುದನ್ನೂ ಮೆಲ್ಲಗೆ ಹೂಂಗುಟ್ಟಿದಳು.

"ಚಿತ್ರ ಬರೆಯೋದು ಯಾರು ಕಲಿಸಿದ್ರು ಅವನಿಗೆ?"

"ಯಾರೂ ಇಲ್ಲ. ಮನೆ ಸಾರಿಸೋಕೆ ಜಾಜು ತರ್ತಾರಲ್ಲ, ಆ ಕೆಂಪು ಮಣ್ಣಿನ ಹೆಂಟೆ, ಅದು ಸಿಕ್ರೆ ಸಾಕು. ಒಂದ್ಸಲ ಊರ ಶ್ಯಾನುಭೋಗರ ಮನೆಗೆ ಹೊಸದಾಗಿ ಸುಣ್ಣ ಹೊಡೆದಿದ್ರು. ಅಷ್ಟು ಬೆಳ್ಳಗಿನ ಗೋಡೆ ಅವನು ನೋಡೇ ಇರ್ಲಿಲ್ಲ. ಈ ತುದಿಯಿಂದ ಆ ತುದಿ ತನಕ ಎತ್ತು, ಕುರಿ, ಗಾಡಿ ಎಲ್ಲ ಬರೆದ. ತಂಗಿ ಜಾಜು ನೆನೆಸಿ ನೆನೆಸಿ ಕೊಡೋಳು."

"ಹೊಡೆದರೇನೋ?"

"ಹೊಡೆದರು. ಆಮೇಲೆ ಅವರಮ್ಮ ಮೂರು ದಿನ ಅವರ ಮನೇಲಿ ಬಿಟ್ಟಿ ಬೀಸಿದ್ಲು. ಬೈಲಿಲ್ಲ. ಅದೇ ಅವನಿಗೆ..." ಮೇಷ್ಟ್ರು ಎದ್ದು ಅಡಿಗೆಮನೆಗೆ ಹೋದರು. ಸಾರು ಕುದಿಯುತ್ತಿರಲಿಲ್ಲ, ಹಾಲು ಕಾಸಿದ ಒಲೆ ಆಗಲೇ ಆರಿತ್ತು.

ಹೀಗೆ ಯುಗಾದಿ ಕಳೆಯಿತು. ಹೊಟ್ಟೆಯಲ್ಲಿ ಕೂಸು ಮಿಸುಕತೊಡಗಿತು. ಶಿವಗಂಗಮ್ಮನ ಕನಸುಗಳಲ್ಲಿ ಈಗ ಬಯಲು ಬಂದಿತ್ತು, ಈಚಲ ಮರಗಳು ಬಂದಿದ್ದವು. ಜಾಜು ಬಳಿದ ಆಕಾಶದ ಕೆಳಗೆ ಬೀಸುವ ಕಲ್ಲಿನ ಸದ್ದು ಎಲ್ಲಿಂದಲೋ ಕೇಳುತ್ತಿತ್ತು. ಬೆನ್ನು ಮಾಡಿದವಳು ಕೆಲವು ಸಲ ದೊಡ್ಡವಳು, ಕೆಲವು ಸಲ ಸಣ್ಣ ಹುಡುಗಿ. ಒಂದು ಸಲ ಅವಳೇ ತಾನಾಗಿ, ತನ್ನ ಬೆನ್ನ ಹಿಂದೆ ಯಾರೋ ಕೂತು ತನ್ನನ್ನೇ ನೋಡಿ ಬರೆಯುತ್ತಿರುವಂತೆ, ಸೀಮೆಸುಣ್ಣ ಕಾಗದಕ್ಕೆ ಉಜ್ಜುವ ಸರಸರ ಸದ್ದು ಕುತ್ತಿಗೆಗೆ ಕಚಗುಳಿ ಇಡುವಂತೆ ಆಯಿತು.

ಅವಳಿಗೆ ಹೆದರಿಕೆಯ ದಿನಗಳೂ ಇದ್ದವು. ಒಂದು ಮಧ್ಯಾಹ್ನ ಕೂಸು ಬಹಳ ಹೊತ್ತು ಮಿಸುಕಲಿಲ್ಲ. ಶಿವಗಂಗಮ್ಮ ಬೆವೆತು, ಚಿತ್ರವನ್ನು ನೋಡುತ್ತಾ, "ಹುಚ್ಚಕ್ಕ, ಅವಳು ಯಾಕೆ ಆ ಕಡೆ ತಿರುಗ್ಯಾಳೆ? ಅಳ್ತಾ ಇದಾಳೇನು?" ಎಂದಳು.

ಹುಚ್ಚಕ್ಕ ಎಲೆ ಅಡಿಕೆ ಕೆನ್ನೆಯ ಮೂಲೆಗೆ ಸರಿಸಿ ಚಿತ್ರವನ್ನು ದಿಟ್ಟಿಸಿದಳು. "ಅಳಾದ್ಯಾಕೆ? ಕೂಸಿಗೆ ಮೊಲೆ ಕೊಡ್ತಾ ಅವಳೆ. ನೋಡ್ರವ್ವಾ, ಒಂದ್ ಕೈ ನೆಲಕ್ಕೈತೆ. ಇನ್ನೊಂದ್ ಕೈ ಎಲ್ಲೈತೆ? ಕೂಸಿನ ತಲೆ ಕೆಳಗೈತೆ. ಚಿತ್ರ ಬರೆಯೋ ಗಂಡಸು ಎದುರಿಗೆ ಬಂದು ಕುಂತ್ರೆ ಹೆಂಗಸು ತಿರುಗಿ ಕುಂತ್ಕಳ್ದೆ ಇನ್ನೇನ್ ಮಾಡ್ತಾಳೆ?"

ಆ ಮಾತು ಮುಗಿಯುವುದರೊಳಗೆ ಕೂಸು ಒದೆಯಿತು. ಹುಚ್ಚಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು, "ಹೂಂ, ಕೇಳಿಸ್ಕಂಡೈತೆ," ಎಂದಳು.

ಕಾರಹುಣ್ಣಿಮೆಯ ಹೊತ್ತಿಗೆ, ಮೊದಲ ಮಳೆ ಬಿದ್ದ ಸಂಜೆ, ಮೇಷ್ಟ್ರು ಆ ಹೆಂಗಸಿನ ಮಾತಿಗೆ ಬಂದರು. ಅವಳು ಚಿತ್ರಗಾರನ ತಂಗಿಯಂತೆ.

"ಅವನನ್ನ ಓದೋಕೆ ಅಂತ ಮಠದೋರು ಕರ್ಕಂಡು ಹೋಗೋಕೆ ಬಂದ್ರು. ತಂಗಿ ಹೊಸ್ತಿಲ ಮೇಲೆ ಹಿಂಗೇ ಕುಂತಿದ್ಲು. ಇವನು ಹೋಗಿಬರ್ತೀನಿ ಅಂದ. ತಿರುಗ್ಲಿಲ್ಲ. ಗಾಡಿ ಹತ್ತಿ ಮತ್ತೆ ಕೂಗಿದ. ತಿರುಗ್ಲಿಲ್ಲ. ಭಾರೀ ಹಟ ಅವಳಿಗೆ. ದೀಪಾವಳಿಗೆ ಬಂದು ಸಮಾಧಾನ ಮಾಡಿದ್ರಾತು ಅಂದ್ಕಂಡ. ದೀಪಾವಳಿ ಒಳಗೇ ಊರಿಗೆ ವಾಂತಿಭೇದಿ ಬಂತು. ಅಮ್ಮನೂ ಹೋದ್ಲು, ತಂಗಿನೂ ಹೋದ್ಲು. ಅವನಿಗೆ ಸುದ್ದಿ ಹೇಳಿದ್ದು ಎಲ್ಲ ಆದ್ಮೇಲೆ." ಮಳೆ ಹೆಂಚಿನಿಂದ ಧಾರೆಯಾಗಿ ಬೀಳುತ್ತಿತ್ತು. "ಆಮೇಲೆ ಅವಳ ಮುಖ ಬರೆಯೋಣ ಅಂತ ಎಷ್ಟೋ ಸಲ ಕುಂತ. ಬೆನ್ನು ನೆನಪೈತೆ, ಜಡೆ ನೆನಪೈತೆ. ಮುಖ ಬರ್ಲಿಲ್ಲ. ಅದಕ್ಕೇ ಚಿತ್ರಾನೇ ಬಿಟ್ಟುಬಿಟ್ಟ."

ಹಾಳೆಯ ಮೇಲಿನ ಚಿತ್ರ ಎದುರಿಗೇ ಇತ್ತು. ಬಿಟ್ಟವನು ಅದನ್ನು ಬರೆದದ್ದು ಹೇಗೆ ಎಂದು ಶಿವಗಂಗಮ್ಮ ಕೇಳಲಿಲ್ಲ. ಕೈ ಚಾಚಿ ಗಂಡನ ಮೊಣಕೈ ಹಿಡಿದಳು. ಕತ್ತಲಾಯಿತು. ದೀಪ ಹಾಕಲು ಮೇಷ್ಟ್ರು ಏಳಲಿಲ್ಲ.

ಆಷಾಢದಲ್ಲಿ, ದಿನ ತುಂಬುವ ಮೊದಲೇ, ಒಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಕೊಬ್ಬರಿ ಮಂಡಿಯ ಶಿವಕುಮಾರಪ್ಪನವರ ಅಂಬಾಸಡರ್ ಕಾರು ಕೇಳಿ ತಂದರು. ಹಿಂದಿನ ಸೀಟಿನಲ್ಲಿ ಹುಚ್ಚಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಶಿವಗಂಗಮ್ಮ, ಕಾರು ಹೊರಡುವಾಗ, "ಆ ಚಿತ್ರ ತಗಂಡು ಬರ್ರಿ," ಎಂದಳು. ಮೇಷ್ಟ್ರು ಒಳಗೆ ಓಡಿ, ಮೊಳೆ ಕಿತ್ತು, ಹಾಳೆ ಸುರುಳಿ ಸುತ್ತಿ ತಂದರು. ಹೊಳಲ್ಕೆರೆ ದಾಟುವಾಗ ಕಾರಿನ ಕಿಟಕಿಯಲ್ಲಿ ಮೋಡ, ತೆಂಗಿನ ತಲೆ, ಕೆರೆಯ ಬೆಳಕು ಒಂದೊಂದಾಗಿ ಬಂದು ಹೋದದ್ದು ಅವಳಿಗೆ ನೆನಪು. ದುರ್ಗದ ಬಂಡೆಗಳು ಕಂಡದ್ದು ನೆನಪಿಲ್ಲ.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಅಂಗೈಯಗಲದ ಮಗು. ಅತ್ತದ್ದೂ ಬೆಕ್ಕಿನ ಮರಿಯ ಹಾಗೆ. ತೂಕ ಬರುವ ತನಕ ಕಳಿಸುವುದಿಲ್ಲವೆಂದು ಡಾಕ್ಟರು ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಹುಚ್ಚಕ್ಕ ಜೊತೆಗೆ ನಿಂತಳು. ಮೇಷ್ಟ್ರು ಶಾಲೆಗೆಂದು ಊರಿಗೆ ಹೋಗಿ, ಶನಿವಾರ ಶನಿವಾರ ಬಸ್ಸಿಗೆ ಬಂದು ಹೋಗತೊಡಗಿದರು.

ಆ ವಾರ್ಡಿನ ನರ್ಸು ಒಬ್ಬ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ಲೂರ್ದ್ ಮೇರಿ. ವಯಸ್ಸಾದಾಕೆ, ಪಾಂಡಿಚೇರಿಯವಳು. ಕನ್ನಡವನ್ನು ತಮಿಳಿನ ರಾಗದಲ್ಲಿ ಎಳೆದು ಆಡುವಳು. ಒಂದು ದಿನ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗಿನ ಸುರುಳಿ ಬಿಚ್ಚಿಕೊಂಡಿತು. ಸಿಸ್ಟರ್ ಚಿತ್ರ ನೋಡಿ, ಹಾಳೆ ತಿರುಗಿಸಿ, ಹಾಗೇ ನಿಂತುಬಿಟ್ಟಳು. ಆಕೆಯ ತುಟಿ ಅಲುಗತೊಡಗಿತು. ಆಮೇಲೆ ನಿಧಾನವಾಗಿ ಬಾಯಿಬಿಟ್ಟು ಓದಿದಳು. ಮೂಗಿನಿಂದ, ಗಂಟಲಿನಿಂದ ಬರುವ, ಕೊನೆಯಕ್ಷರ ನುಂಗಿಕೊಳ್ಳುವ ಆ ಭಾಷೆ ವಾರ್ಡಿನ ಬಾಣಂತಿಯರಿಗೆಲ್ಲ ಯಾವುದೋ ಹಕ್ಕಿಯ ಮಾತಿನಂತೆ ಕೇಳಿಸಿತು.

"ನಿಮಗೆ ಇದು ಓದೋಕೆ ಬರ್ತದಾ ಸಿಸ್ಟರ್?"

"ನಮ್ ಅಪ್ಪ ಪಾಂಡಿಚೇರೀಲಿ ಫ್ರೆಂಚ್ ಕೋರ್ಟಲ್ಲಿ ಗುಮಾಸ್ತ ಅಮ್ಮಾ. ಮನೇಲಿ ರಾತ್ರಿ ಊಟ ಆದ್ಮೇಲೆ ನಮ್ಗೆ ಓದಿ ಹೇಳ್ತಾ ಇದ್ರು. ಈಗ ಯಾರ್ ಇದ್ದಾರೆ ಓದಕ್ಕೆ?" ಆಕೆ ಕಣ್ಣೊರೆಸಿಕೊಂಡು ನಕ್ಕಳು. "ಹೆಸರು ಎತ್ಯೆನ್ ಲಾವಾಲ್. ಕೇಳ್ತೀಯಾ ಏನ್ ಬರ್ದಿದೆ ಅಂತ?"

ಶಿವಗಂಗಮ್ಮನಿಗೆ ಬೇಡ ಎನ್ನಬೇಕೆನ್ನಿಸಿತು. ಮಗು ಎದೆಗೆ ಆತುಕೊಂಡು ಮಲಗಿತ್ತು. "ಹೇಳ್ರಿ," ಎಂದಳು.

ಸಿಸ್ಟರ್ ಒಂದೊಂದೇ ಸಾಲು ಓದಿ, ಯೋಚಿಸಿ, ಕನ್ನಡಕ್ಕೆ ತಿರುಗಿಸಿ ಹೇಳಿದಳು. ಲಾವಾಲ್ ಉತ್ತರದ ಒಂದು ಊರಿನಲ್ಲಿ ಕೊಬ್ಬು ಕರಗಿಸಿ ಮೇಣದಬತ್ತಿ ಮಾಡುವವನ ಮಗ. ಮನೆ ತುಂಬ ಮಕ್ಕಳು, ಮನೆ ತುಂಬ ಕೊಬ್ಬಿನ ವಾಸನೆ. ಹದಿನೈದಕ್ಕೇ ಮನೆ ಬಿಟ್ಟು ಪ್ಯಾರಿಸ್ಸಿಗೆ ನಡೆದು ಬಂದ. ನಾಟಕದ ಪರದೆ ಬರೆಯುವವನ ಹತ್ತಿರ ಮೋಡ, ಮರ ಬರೆಯುವ ಕೆಲಸಕ್ಕೆ ಸೇರಿದ. ಬಿಡುವಾದಾಗ ಬೀದಿಯಲ್ಲಿ ಕಂಡವರನ್ನೆಲ್ಲ ಬರೆಯುವನು: ಸಿಪಾಯಿಗಳು, ಪಿಟೀಲು ಬಾರಿಸುವವರು, ನೀರು ಹೊರುವವರು, ಮನೆಗೆಲಸದ ಹೆಣ್ಣುಮಕ್ಕಳು. ಬಣ್ಣಕ್ಕಿಂತ ಸೀಮೆಸುಣ್ಣವೇ ಅವನ ಕೈಗೆ ಹೊಂದುತ್ತಿತ್ತು. ಕೆಂಪು ಅಂದರೆ ನೆಲದಿಂದ ಅಗೆದ ಕಲ್ಲು, ಕಪ್ಪೂ ಬಿಳಿಯೂ ಹಾಗೇ. ಬರೆದದ್ದನ್ನೆಲ್ಲ ಒಂದು ದೊಡ್ಡ ಕಟ್ಟಿನಲ್ಲಿ ಇಟ್ಟುಕೊಂಡು, ಶ್ರೀಮಂತರಿಗೆ ದೊಡ್ಡ ಚಿತ್ರ ಬರೆಯುವಾಗ ಅದರಿಂದ ಒಬ್ಬೊಬ್ಬರನ್ನೇ ಆರಿಸಿ ಸೇರಿಸುವನು. ಈ ಹೆಂಗಸೂ ಹಾಗೆ ಒಂದು ತೋಟದ ಚಿತ್ರದಲ್ಲಿ, ರೇಷ್ಮೆಯುಟ್ಟವರ ಗುಂಪಿನಾಚೆ, ಮರದ ಕೆಳಗೆ ಚಿಕ್ಕದಾಗಿ ಕುಳಿತಿದ್ದಾಳೆ. ಲಾವಾಲ್ ಮದುವೆಯಾಗಲಿಲ್ಲ. ಗೆಳೆಯರಿದ್ದರೂ ತನ್ನ ಮನೆಯ ಬಗ್ಗೆ ಯಾರ ಹತ್ತಿರವೂ ಆಡಿದವನಲ್ಲ. ಎದೆಯ ಕಾಯಿಲೆಯಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ.

"ಇವಳು ಯಾರು ಅಂತ ಬರೆದೈತಾ?"

ಸಿಸ್ಟರ್ ಕೊನೆಯ ಸಾಲುಗಳನ್ನು ಮತ್ತೆ ನೋಡಿದಳು. "ಇಲ್ಲಮ್ಮಾ. ಯಾರೋ ಗೊತ್ತಿಲ್ಲ ಅಂತ ಬರ್ದಿದೆ. ಅವನು ಬಾಡಿಗೆಗೆ ಇದ್ದ ಮನೆಯ ಕೆಲಸದವಳು ಇರಬಹುದು ಅಂತೆ. ಇರಬಹುದು, ಅಷ್ಟೇ. ಕೈ ಯಾಕೆ ಎರಡು ಸಲ ಬರ್ದಿದ್ದಾನೆ ಅಂದ್ರೆ, ಮೊದಲನೇದು ಅವನಿಗೆ ಸರಿ ಕಾಣ್ಲಿಲ್ಲ."

ಪಕ್ಕದಲ್ಲಿ ಕೂತಿದ್ದ ಹುಚ್ಚಕ್ಕ, "ಕೂಸಿನ ಸುದ್ದಿ ಬರೆದಿಲ್ವಾ?" ಎಂದು ಕೇಳಿ, ಇಲ್ಲ ಎಂದಾಗ, "ಅವರಿಗೇನ್ ಗೊತ್ತು," ಎಂದು ಮುಖ ತಿರುಗಿಸಿದಳು.

ಶಿವಗಂಗಮ್ಮನಿಗೆ ಆ ದಿನವೆಲ್ಲ ಒಂದು ಬಗೆಯ ಖಾಲಿಯೆನ್ನಿಸಿತು. ಕೊಬ್ಬಿನ ವಾಸನೆಯ ಮನೆಯಿಂದ ಹೊರಟು ದಾರಿಯುದ್ದಕ್ಕೂ ನಡೆದುಬರುವ ಹುಡುಗ ಕಣ್ಣ ಮುಂದೆ ಬಂದ. ಅವನೂ ಯಾರಿಗೂ ಏನೂ ಹೇಳದವನು. ಅವನಿಗೆ ಬಿಟ್ಟುಬಂದ ತಂಗಿ ಇದ್ದಳೋ ಏನೋ. ಆ ಹಾಳೆಗೂ ಗೊತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಿಸ್ಟರ್ ಮತ್ತೆ ಬಂದು, ಸಂಕೋಚದಿಂದ, "ಇನ್ನೊಂದ್ ಸಲ ಓದ್ಲಾ?" ಎಂದಳು. ಮರುದಿನವೂ ಬಂದಳು. ಅದರ ಮರುದಿನವೂ. ಚಿತ್ರದ ಕಡೆ ನೋಡುತ್ತಲೇ ಇರಲಿಲ್ಲ. ಹಿಂಬದಿಯ ಸಾಲುಗಳನ್ನು ಪಿಸುಮಾತಿನಲ್ಲಿ ಓದಿಕೊಂಡು, ಯಾರದೋ ಮನೆಯಲ್ಲಿ ರಾತ್ರಿಯೂಟ ಮುಗಿಸಿ ಎದ್ದವಳ ಹಾಗೆ ತೃಪ್ತಿಯಾಗಿ ಹೋಗುವಳು.

ಶ್ರಾವಣದಲ್ಲಿ ಮಗು ಮೈ ಹಿಡಿಯಿತು. ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದ ದಿನ ಶಿವಗಂಗಮ್ಮ ಆ ಹಾಳೆಯನ್ನು ಸಿಸ್ಟರ ಕೈಗೆ ಕೊಟ್ಟಳು.

"ಅಯ್ಯೋ, ನಿಮ್ ಯಜಮಾನ್ರು ಏನ್ ಅಂತಾರೆ?"

"ನಾನು ಹೇಳ್ಕಂತೀನಿ. ನೀವು ಇಟ್ಕಳ್ರಿ ಸಿಸ್ಟರ್."

ಬಾಣಂತನಕ್ಕೆ ಹೊಳಲ್ಕೆರೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮೇಷ್ಟ್ರು ಮತ್ತೆ ಅದೇ ಅಂಬಾಸಡರ್ ತಂದರು. ಹುಚ್ಚಕ್ಕ ಮುಂದಿನ ಸೀಟಿನಲ್ಲಿ ಕೂತು, ದುರ್ಗ ದಾಟುವ ಮೊದಲೇ ನಿದ್ದೆ ಹೋದಳು. ಸಣ್ಣ ಸೋನೆ ಬರುತ್ತಿತ್ತು. ದಾರಿಯ ಎರಡೂ ಕಡೆ ಹೊಲಗಳು ಹಸಿರಾಗಿ, ದೂರದ ಗುಡ್ಡಗಳು ಮಳೆಯ ಹಿಂದೆ ಒರೆಸಿದ ಹಾಗೆ ಕಾಣುತ್ತಿದ್ದವು. ಮೇಷ್ಟ್ರು ಸಾಮಾನಿನ ಚೀಲ ತಡಕಾಡಿದರು.

"ಚಿತ್ರ ಎಲ್ಲಿ?"

"ಸಿಸ್ಟರಿಗೆ ಕೊಟ್ಟೆ. ಅವರು ಪಾಂಡಿಚೇರಿಯೋರು. ಫ್ರೆಂಚ್ ಓದ್ತಾರೆ."

ಮೇಷ್ಟ್ರ ಮುಖ ಮೆಲ್ಲಗೆ ಕೆಂಪಾಯಿತು. ಕಿಟಕಿಯಾಚೆ ನೋಡುತ್ತಾ, "ಓದಿ ಹೇಳಿದ್ರಾ?" ಎಂದರು.

"ಹೇಳಿದ್ರು."

"ಹಂಗಾದ್ರೆ ನಿನಗೆ..."

"ನನಗೆ ಮೊದಲ ದಿನಾನೇ ಗೊತ್ತಿತ್ತು ಕಣ್ರೀ. ಈಚಲ ಮರ ಅಂದ್ರಲ್ಲ, ಆಗಲೇ." ಶಿವಗಂಗಮ್ಮ ಮಗುವಿನ ಕುಲಾವಿ ಸರಿಮಾಡಿದಳು. ಆಮೇಲೆ, ಇಷ್ಟು ತಿಂಗಳು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದನ್ನು ಕೇಳಿದಳು. "ನಿಮ್ಮ ತಂಗಿ ಹೆಸರೇನು?"

ಕಾರು ಒಂದು ಹಳ್ಳದ ಸೇತುವೆ ದಾಟಿತು. ಕೆಂಪು ನೀರು ಕೆಳಗೆ ಭೋರೆಂದು ಹೋಗುತ್ತಿತ್ತು.

"ಬಸಲಿಂಗಿ," ಎಂದರು ಮೇಷ್ಟ್ರು. ಆ ಹೆಸರನ್ನು ಬಾಯಿ ಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ, ಅವರ ದನಿ ಅವರಿಗೇ ಗುರುತು ಸಿಗದ ಹಾಗಿತ್ತು. "ನಾನು ಬಸ್ಸಿ ಅಂತಿದ್ದೆ. ಹಂಗಂದ್ರೆ ಸಿಟ್ಟು ಬರ್ತಿತ್ತು ಅವಳಿಗೆ."

"ಇವಳಿಗೆ ಆ ಹೆಸರೇ ಇಡಾಣೇನ್ರಿ?"

ಅವರು ಮಗುವಿನ ಕಡೆ ನೋಡಿದರು. ಅದು ಕಣ್ಣು ಬಿಟ್ಟು, ಏನನ್ನೂ ನೋಡದೆ, ಎಲ್ಲವನ್ನೂ ನೋಡುವ ಹಾಗೆ ಮಲಗಿತ್ತು. "ಬ್ಯಾಡ. ಆ ಹೆಸರಿನೋಳು ಒಬ್ಬಳೇ ಇರ್ಲಿ. ಇವಳಿಗೆ ಇವಳದೇ ಒಂದು ಹೆಸರು ಇಡಾಣ." ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮಾತೆತ್ತಿದರು. "ನಮ್ಮಪ್ಪಂಗೆ ಕೆಮ್ಮು ಬಂದಾಗ ಅವಳೇ ಹೋಗಿ ಎದೆ ನೀವೋಳು. ಇಷ್ಟೇ ಇಷ್ಟು ಕೈ. ನಾನು ಹತ್ರ ಹೋಗ್ತಿರ್ಲಿಲ್ಲ. ನನಗೆ ಹೆದರಿಕೆ."

'ನಮ್ಮಪ್ಪ' ಎಂಬ ಮಾತು ಶಿವಗಂಗಮ್ಮ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಹೊಳಲ್ಕೆರೆಯಲ್ಲಿ ಮಹಾದೇವಮ್ಮ ಮಂಡಿನೋವು ಮರೆತು ಬಾಗಿಲಿಗೆ ಬಂದು, ದೃಷ್ಟಿ ನಿವಾಳಿಸಿ ಒಳಗೆ ಕರೆದುಕೊಂಡಳು. ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಚ್ಚಗಿನ ಕೋಣೆ. ಬಿಟ್ಟು ಹೊರಟುಬಿಡುತ್ತಾರೆಂದುಕೊಂಡಿದ್ದ ಅಳಿಯ ಅವತ್ತು ಹೊರಡಲಿಲ್ಲ. "ನಾಳೆ ಹೋದ್ರಾತು," ಎಂದು ಕಾರು ಕಳಿಸಿ, ಜಗಲಿಯ ಮೇಲೆ ಅತ್ತೆಯ ಎದುರಿಗೆ ಕೂತರು. ಮುಸ್ಸಂಜೆಯಾಗುತ್ತಿತ್ತು. ಕೋಣೆಯಲ್ಲಿ ಮಗುವಿನ ಪಕ್ಕ ಮಲಗಿದ್ದ ಶಿವಗಂಗಮ್ಮನಿಗೆ ಜಗಲಿಯ ಮಾತು ಗೋಡೆಯಾಚೆಯಿಂದ ತೇಲಿ ಬರುತ್ತಿತ್ತು. ನಿಮ್ಮ ತಾಯಿ ಯಾವೂರ ಕಡೆಯೋರು ಎಂದು ಅಮ್ಮ ಕೇಳುತ್ತಿದ್ದಳು. ಅವರು ಊರಿನ ಹೆಸರು ಹೇಳಿದರು. ತಾಯಿಯ ತೌರಿನ ಬೀದಿ ಹೇಳಿದರು. ಬೀಸುವಾಗ ತಾಯಿ ಹಾಡುತ್ತಿದ್ದ ಪದಗಳಲ್ಲಿ ಒಂದರ ಮೊದಲ ಸಾಲು ನೆನಪಿಸಿಕೊಳ್ಳಲು ನೋಡಿದರು, ಬರಲಿಲ್ಲ, ಮತ್ತೆ ನೋಡಿದರು. "ರಾಗ ಹಿಂಗಿತ್ತು," ಎಂದು ಸಣ್ಣಗೆ ಗುನುಗಿದರು. ಮಹಾದೇವಮ್ಮ, "ಹೌದೌದು, ನಮ್ಮ ಕಡೆನೂ ಹಾಡ್ತಿದ್ರು," ಎಂದು ದನಿಗೂಡಿಸಿದಳು. ಆ ಗುನುಗು ಎಲ್ಲಿಗೆ ಹೋಗಿ ನಿಂತಿತೋ ಶಿವಗಂಗಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವಳಿಗೆ ಕನಸೇ ಇಲ್ಲದ ನಿದ್ದೆ ಬಂದಿತ್ತು.